ಇಳಿಯುವ ಗೆರೆ

ಜೆಸ್ತಾಫೋನಿಯ ಮೂರನೇ ಕುಲುಮೆಯ ಕೋಣೆ.
ಗಡಿಯಾರದ ಕೆಳಗೆ ಮಸಿ ತಿಂದ ಗ್ರಾಫ್ ಕಾಗದ.
ಎಪ್ಪತ್ತೆಂಟರ ಚಳಿಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ,
ಜೆಮಾಲ್ ಎಳೆದದ್ದು.

ಮೇಲೆ ಕಬ್ಬಿಣ, ನಡುವೆ ಮ್ಯಾಂಗನೀಸ್, ತೀರಾ ತಳದಲ್ಲಿ ಕ್ಯಾಲ್ಸಿಯಂ:
ಬಿಸಿ ಏರಿದಂತೆ ಎಲ್ಲ ಗೆರೆಗಳೂ ಏರುತ್ತವೆ,
ಹಿಡಿದದ್ದರ ಮೇಲಿನ ಹಿಡಿತ ಸಡಿಲಿಸುತ್ತ.
ಇಳಿಯುವುದು ಒಂದೇ, ಇದ್ದಿಲಿನದು.
ಗಟ್ಟಿಯಾಗಿದ್ದವನು ಹೊಗೆಯಾಗಿ ಹೊರಟುಹೋಗುವುದಾದರೆ
ಕಾದಷ್ಟೂ ಹುರುಪು, ಎನ್ನುತ್ತಿದ್ದ ಜೆಮಾಲ್.
ಸಾವಿರದ ನಾನೂರರ ಆಸುಪಾಸು ಎರಡೂ ಕೂಡುವಲ್ಲಿ
ಕೆಂಪು ಪೆನ್ಸಿಲಿನ ಚುಕ್ಕಿ.
ಅಲ್ಲಿಗೆ ಮ್ಯಾಂಗನೀಸಿಗೂ ಆಮ್ಲಜನಕಕ್ಕೂ ಋಣ ಹರಿಯಿತು.

"ಆದರೆ ಲಾಮಾರಾ,
ಆಗುತ್ತದೋ ಇಲ್ಲವೋ, ಇಷ್ಟೇ ಈ ಕಾಗದಕ್ಕೆ ಗೊತ್ತು.
ಯಾವಾಗ ಅಂತ ಕುಲುಮೆಯನ್ನೇ ಕೇಳಬೇಕು."

ಇಪ್ಪತ್ತಾರು ವರ್ಷ ಕೇಳಿದಳು.
ಚಿಯಾತುರಾದಿಂದ ತೊಯ್ದು ಬರುವ ಅದಿರು, ಮುಷ್ಟಿಗಾತ್ರದ ಹೆಂಟೆ:
ಸಿಪ್ಪೆ ಬೆಂದು ಒಳಗು ಹಸಿ,
ಕೆಂಡಕ್ಕೆಸೆದ ಆಲೂಗಡ್ಡೆಯ ಹಾಗೆ.
ಸೋಮಾರಿ ಕೋಕ್. ಗುಳ್ಳೆಯನ್ನೂ ಮೇಲೇಳಗೊಡದ ಮಂದ ಕಿಟ್ಟ.
ಒಂದು ರಾತ್ರಿ ಮುಳ್ಳು ಸಾವಿರದ ನಾನೂರೈವತ್ತು ದಾಟಿತ್ತು,
ಬಾಯಿ ತೆರೆದರೆ ಕುಲುಮೆ ಬರಿದೆ ಉಗುಳಿತು.
"ಆಗಲೇಬೇಕಲ್ಲ!" ಎಂದು ಕೂಗಾಡಿದ ಹೊಸ ಹುಡುಗ ನುಗ್ಜಾರ್.
"ಆಗಲೇಬೇಕು.
ಈಗಲೇ ಅಂತ ಯಾರು ಹೇಳಿದ್ದು?"
ಸುಣ್ಣಕಲ್ಲು ಹಾಕಿಸಿ, ಕವುಚಿಟ್ಟ ಬಕೆಟ್ಟಿನ ಮೇಲೆ ಕೂತಳು.
ನಾಲ್ಕು ಹತ್ತಕ್ಕೆ ಹರಿಯಿತು, ಕಣ್ಣು ಕುಕ್ಕುವ ಬಿಳಿ.

ಕಾಗದ ಮಡಿಕೆಯಲ್ಲಿ ಹರಿದ ವರ್ಷ
ಹೊಸ ಹಾಳೆ ಸುರುಳಿ ಸುತ್ತಿಕೊಂಡು ಜೆಮಾಲನ ಮನೆಗೆ ಹೋದಳು.
ನಾಲ್ಕನೇ ಮಹಡಿ, ಕಿಟಕಿಯ ಕೆಳಗೆ ಕಪ್ಪು ಕ್ವಿರಿಲಾ ನದಿ.
ಚಹಾ ಬರುವ ಮೊದಲೇ ಲೋಟಕ್ಕೆ ಚಮಚ ತಾಗುವ ಸದ್ದು ಬಂತು,
ಟಿಣಿ ಟಿಣಿ ಟಿಣಿ,
ನಿಲ್ಲಿಸಲು ಅವನಿಂದಾಗಲಿಲ್ಲ.

ಮೂವತ್ತು ವರ್ಷದ ಕಂದು ಹೊಗೆ.
ಮೂಗಿನಿಂದ ನೆತ್ತರಿಗೆ, ನೆತ್ತರಿನಿಂದ ಮಿದುಳಿನ ಆಳಕ್ಕೆ
ಅದಕ್ಕೂ ಒಂದು ಇಳಿಜಾರಿತ್ತು.
ಆ ಗೆರೆ ಯಾರೂ ಎಳೆದಿರಲಿಲ್ಲ.
ಆಗುತ್ತದೆಂದು ಕಾರ್ಖಾನೆಯ ವೈದ್ಯರಿಗೆ ಗೊತ್ತಿತ್ತು.
ಲೋಹಕ್ಕೆ ಆತುರವಿರಲಿಲ್ಲ, ಅಷ್ಟೇ.

ಏರುವ ಗೆರೆಗಳನ್ನೆಲ್ಲ ಅವಳೇ ಎಳೆದಳು.
"ಅದೊಂದು ನನಗಿರಲಿ" ಎಂದ.
ಅವಳು ಎರಡೂ ಕೈಯಲ್ಲಿ ಸ್ಕೇಲು ಒತ್ತಿ ಹಿಡಿದಳು.
ಪೆನ್ನು ಸ್ಕೇಲನ್ನು ಬಿಟ್ಟು ಬಿಟ್ಟು ಹಿಡಿಯುತ್ತ
ಕಾಗದದ ಬಲ ಅಂಚು ಮುಟ್ಟುವಷ್ಟರಲ್ಲಿ ಚಹಾ ಆರಿತ್ತು.

ಈಗ ಗಡಿಯಾರದ ಕೆಳಗೆ ಅದೇ ಇದೆ.
ಹೊಸದಾಗಿ ಸೇರಿದವರು ಕೇಳುತ್ತಾರೆ,
ಇದ್ದಿಲಿನ ಗೆರೆ ಯಾಕೆ ಹೀಗೆ ನಡುಗಿದೆ?
"ಚುಕ್ಕಿ ಸರಿಯಾದ ಜಾಗದಲ್ಲಿದೆಯಾ ನೋಡಿ."
ಕತ್ತು ಚಾಚಿ ನೋಡುತ್ತಾರೆ. ಇದೆ.
ಅಷ್ಟರಲ್ಲಿ ಲಾಮಾರಾ ಹಿಂದೆ ನಿಂತು
ಅವರ ಮುಖಗವಸಿನ ಪಟ್ಟಿಯನ್ನು
ಇನ್ನೊಂದು ಕೊಂಡಿ ಬಿಗಿಯುತ್ತಾಳೆ.