ನಾಲ್ಕು ಜೊತೆ, ಒಂದು ಬರಿಗಾಲು

ನಿಟುವಳ್ಳಿಯ ಈ ಎರಡು ಕೋಣೆಗೆ
ಬೆಳಗ್ಗೆ ಏಳೂವರೆಗೆ ಮೊದಲು ಬರುವವಳು ಇಂಚರ,
ಎಂಟು ತಿಂಗಳು. ಅವಳಮ್ಮ ಆಸ್ಪತ್ರೆಯ ಹಗಲು ಪಾಳಿಗೆ
ಮೆಟ್ಟಿಲಿಳಿಯುತ್ತಲೇ ಹೇಳುತ್ತಾಳೆ:
ರಾತ್ರಿ ಕೆಮ್ಮಿತು, ಬಿಸಿನೀರೇ ಕೊಡಿ.
ಆಮೇಲೆ ಹಾಲೇಶ, ಎರಡೂವರೆ, ಚಡ್ಡಿ ಕೈಯಲ್ಲಿ.
ಆಮೇಲೆ ತೌಸೀಫ, ನಾಲ್ಕು ತುಂಬಿದ ಯಜಮಾನ;
ಭಟ್ಟಿಗೆ ಹೊರಟ ಅಪ್ಪ ಅವನನ್ನು ಇಳಿಸಿ ಹೋದ ಜಾಗದಲ್ಲಿ
ನಾಲ್ಕಾದರೂ ಮಂಡಕ್ಕಿ ಕಾಳು. ಮೊದಲು ಅದನ್ನು ಗುಡಿಸಬೇಕು.
ಶಾಲೆ ಬಿಟ್ಟ ಮೇಲೆ ಇನ್ನಿಬ್ಬರು:
ಜೇಬು ತುಂಬ ಗೋಲಿಯ ಚಿರಂತ, ಏಳು,
ಅವನಕ್ಕ ಬಿಂದುಶ್ರೀ, ಹತ್ತು.

ಬಾಗಿಲಲ್ಲಿ ಎಣಿಸುತ್ತೇನೆ:
ಎರಡು ಜೊತೆ ಚಪ್ಪಲಿ, ಎರಡು ಜೊತೆ ಬೂಟು,
ಇನ್ನೊಂದು ಬರಿಗಾಲು, ಅದು ನನ್ನ ಕಂಕುಳಲ್ಲಿ.
ಹತ್ತು ನಿಮಿಷಕ್ಕೆ ಮತ್ತೆ ಎಣಿಸುತ್ತೇನೆ.
ಎಣಿಸಿದರೆ ಆಯುಸ್ಸು ಕಡಿಮೆ ಅನ್ನುತ್ತಿದ್ದಳು ನಮ್ಮಜ್ಜಿ.
ಅಜ್ಜಿಗೆ ಯಾರ ಮಕ್ಕಳನ್ನೂ ಸಂಜೆಗೆ ವಾಪಸು ಕೊಡಬೇಕಿರಲಿಲ್ಲ.

ಒಬ್ಬನ ಆಟ ಇನ್ನೊಬ್ಬಳ ಗಂಟಲು.
ಆದ್ದರಿಂದ ಗೋಲಿಯ ಡಬ್ಬಿ ಬೀರುವಿನ ಮೇಲೆ,
ಆಡಬೇಕೆಂದರೆ ಜಗಲಿಗೆ, ಆಡಿ ಮುಗಿದರೆ ಲೆಕ್ಕ: ಹತ್ತೊಂಬತ್ತು.
ನಲ್ಲಿ ಬಂದಾಗ ತುಂಬಿಟ್ಟ ಡ್ರಮ್ಮಿಗೆ
ಮುಚ್ಚಳ, ಮುಚ್ಚಳದ ಮೇಲೆ ಗುಂಡುಕಲ್ಲು.
ಒಲೆಯ ಕಡೆ ಹೋಗದಂತೆ ಅಡ್ಡ ಒಂದು ಹಲಗೆ.
ಸೋಮವಾರ ತೌಸೀಫ ಅದರ ಮುಂದೆ ನಿಂತು ಅತ್ತ,
ಮಂಗಳವಾರ ದಾಟಿ ಬಂದು ಉಪ್ಪಿನ ಡಬ್ಬಿ ತೋರಿಸಿದ.
ಹಲಗೆ ಅದೇ. ಕಾಲು ಉದ್ದವಾಗಿತ್ತು.

ಅತ್ತರೆ ನಾನು ಓಡುವುದಿಲ್ಲ.
ಹಸಿವಿನದು, ನಿದ್ದೆಯದು, ಕಿತ್ತುಕೊಂಡ ಬಸ್ಸಿನದು,
ಒಂದೊಂದು ಅಳುವಿಗೂ ಒಂದೊಂದು ದನಿ.
ಸುಮ್ಮನಾದರೆ
ಕೈಯಲ್ಲಿದ್ದದ್ದು ಬಿಟ್ಟು ಓಡುತ್ತೇನೆ.

ಮೊನ್ನೆ ಹಾಗೇ ಆಯಿತು. ಬಚ್ಚಲಲ್ಲಿ
ಹಾಲೇಶನ ಕುಂಡಿ ತೊಳೆಯುತ್ತಿದ್ದೆ, ಬಾಗಿಲು ತೆರೆದೇ ಇತ್ತು,
ಹೊರಗೆ ಮನೆ ಸುಮ್ಮನಾಯಿತು.
ಅವನನ್ನು ಒದ್ದೆ ಹಾಗೇ ಎತ್ತಿಕೊಂಡು ಬಂದರೆ
ಇಂಚರ ಬಿಂದುವಿನ ಸೊಂಟದ ಮೇಲೆ.
ಬಿಂದುವಿನ ಅಂಗೈಯಲ್ಲಿ ಜೊಲ್ಲು ಹತ್ತಿದ ಹಸಿರು ಗೋಲಿ.
"ಆಂಟಿ, ನಾನೇ ನೋಡ್ದೆ, ನಾನೇ ತೆಗ್ದೆ."

ಜಾಣೆ ಅನ್ನಬೇಕಿತ್ತು. ಅಂದೆ ಕೂಡ.
ಆದರೆ ಕಣ್ಣು ಹೋದದ್ದು ಆ ಸೊಂಟಕ್ಕೆ,
ಎಡಕ್ಕೆ ವಾಲಿ ನಿಲ್ಲುವುದನ್ನು ಆಗಲೇ ಕಲಿತಿತ್ತು.

ನನ್ನದೂ ಒಂಬತ್ತಕ್ಕೇ ಕಲಿತಿತ್ತು.
ಅವ್ವ ಹತ್ತಿಗಿರಣಿಯ ಎರಡನೇ ಪಾಳಿಯಲ್ಲಿ,
ತಮ್ಮ ನನ್ನ ಸೊಂಟದಲ್ಲಿ, ಓಣಿಯಲ್ಲಿ ಕುಂಟೆಬಿಲ್ಲೆ.
ಒಂದು ಮನೆ ಹಾರಿ ಬರುತ್ತೇನೆ ಎಂದು ಕೆಳಗಿಳಿಸಿದೆ,
ಒಂದೇ ಮನೆ.
ಅವನ ಮಣಿಕಟ್ಟಿನ ಚರ್ಮ ಇವತ್ತಿಗೂ ಹೊಳೆಯುತ್ತದೆ,
ಮದುವೆಯಲ್ಲಿ ಅಗಲ ಪಟ್ಟಿಯ ಗಡಿಯಾರ ಕಟ್ಟಿದ್ದ.
ಪ್ರತಿ ಹಬ್ಬಕ್ಕೂ ಊಟದ ನಡುವೆ ಯಾರಾದರೂ ಒಬ್ಬರು:
"ನೀನು ನೋಡ್ಕಂತಿದ್ದೆ ಅಲ್ವೇನೇ ಅವತ್ತು?"

"ಕೊಡು ಇಲ್ಲಿ" ಅಂದೆ. "ಇದು ನನ್ನ ಕೆಲಸ,
ಇದಕ್ಕೆ ನಂಗೆ ದುಡ್ಡು ಕೊಡ್ತಾರೆ.
ನಿನ್ನ ಲೆಕ್ಕಾನೂ ಸೇರಿಸೇ ಕೊಡ್ತಾರೆ."
ಬಿಂದುವಿನ ಮುಖ ಸಪ್ಪಗಾಯಿತು. ಖಾಲಿ ಸೊಂಟವನ್ನು
ಏನು ಮಾಡುವುದೆಂದು ತಿಳಿಯದೆ ನಿಂತಳು,
ಆಮೇಲೆ ಸೀಮೆಸುಣ್ಣ ಕೇಳಿದಳು.

ಸಂಜೆ ಒಂದೊಂದೇ ಜೊತೆ ಮನೆಗೆ ಹೋದವು.
ಬರಿಗಾಲು ಎಲ್ಲಕ್ಕಿಂತ ಕೊನೆಗೆ, ನಿದ್ದೆಯಲ್ಲಿ.

ಡಬ್ಬಿ ಸುರಿದು ಎಣಿಸಿದೆ. ಹದಿನೆಂಟು.
ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆ,
ಎಂಟು ತಿಂಗಳ ಎತ್ತರದಿಂದ ಮನೆ ನೋಡಿದೆ:
ಮಂಚದಡಿ ಒಂದು ಅಂಗಿ ಗುಂಡಿ, ಒಂದು ಶೇಂಗಾ ಬೀಜ,
ಅರ್ಧ ಸೀಮೆಸುಣ್ಣ. ಗೋಲಿ ಇಲ್ಲ.
ಆ ಕಡೆ ಹೊರಳಿದೆ. ಈ ಕಡೆ ಹೊರಳಿದೆ.
ತೊಡೆಗೆ ಏನೋ ಒತ್ತಿತು.
ನನ್ನ ನೈಟಿಯ ಜೇಬಿನಲ್ಲೇ ಇತ್ತು,
ಬೆಚ್ಚಗೆ.