ಒಂದೇ ‘ವ’

ಶುಕ್ರವಾರ ಸಂಜೆಯೊಳಗೆ ಒಂದನ್ನು ಆರಿಸಿ ಹೇಳಬೇಕು.
ಪಾಠ ತೋರಿಸುವ ಸಲಕರಣೆ ಮೂರು,
ಮೂರಕ್ಕೂ ಮೂವತ್ತು ದಿನ ಪುಕ್ಕಟೆ, ಆಮೇಲೆ ತಲೆಗಿಷ್ಟು ಡಾಲರು.
ಗ್ಲೆನಿಸ್ ಕೊಟ್ಟ ಫಾರ್ಮಿನಲ್ಲಿ ಹನ್ನೊಂದು ಪ್ರಶ್ನೆ,
ಉತ್ತರಕ್ಕೆ ಬೆರಳಗಲದ ಜಾಗ.

ಮೊದಲನೆಯದು ಬಲು ಚೆಲುವೆ.
ಸ್ಲೈಡಿನಿಂದ ಸ್ಲೈಡಿಗೆ ಹದ್ದಿನ ಹಾಗೆ ಎರಗಿ ಮೇಲೇರುತ್ತಾಳೆ;
ಹಿಂದಿನ ಬೆಂಚಿನ ಕೂಪರನಿಗೆ ತಲೆ ಸುತ್ತಿ
ಕಿಟಕಿಯಾಚೆ ಉಕ್ಕಿನ ಕಾರ್ಖಾನೆ ನೋಡುತ್ತ ಕೂತ.
ನಮ್ಮ ಹಳೆಯ ಲ್ಯಾಪ್‌ಟಾಪುಗಳಲ್ಲಿ,
ಕೀಲಿ ಸಂದಿಗಳಲ್ಲೆಲ್ಲ ವೈಯಾಲದ ಕೆಂಧೂಳು ಕೂತವುಗಳಲ್ಲಿ,
ಅವಳು ಕಣ್ಣು ಬಿಡುವಷ್ಟರಲ್ಲಿ ಹಾಜರಿ ಕರೆದು ಮುಗಿದಿರುತ್ತದೆ.

ಎರಡನೆಯದಕ್ಕೆ ಅಂಗಡಿಯವನ ಬುದ್ಧಿ.
ಪುಟಪುಟದ ಮೂಲೆಯಲ್ಲೂ ತನ್ನ ಹೆಸರು;
ಒಳಗೆ ಬಿಡುವ ಮುಂಚೆ ಮಕ್ಕಳ ಹುಟ್ಟಿದ ದಿನ ಕೇಳುತ್ತದೆ.
ಹುಟ್ಟುಹಬ್ಬಕ್ಕೆ ಬರುತ್ತೀಯೇನು, ಅಂದೆ ಪರದೆಗೆ.

ಮೂರನೆಯದು
ನಾನು ಆಡಿದ್ದನ್ನೆಲ್ಲ ಕೆಳಗೆ ಅಕ್ಷರದಲ್ಲಿ ಬರೆಯುತ್ತ ಹೋಗುತ್ತದೆ.
ಅದು ಬೇಕಾದದ್ದು ಮುಂದಿನ ಸಾಲಿನ ಟ್ಯಾಮ್ಸಿನ್‌ಗೆ.
ಎಡಗಿವಿ ಹುಟ್ಟಿನಿಂದಲೇ ಮುಚ್ಚಿದೆ, ಬಲಗಿವಿಯಲ್ಲಿ ಯಂತ್ರ;
ನಾನು ಬೋರ್ಡಿನತ್ತ ತಿರುಗಿದರೆ ಅವಳ ಪಾಠ ಅಲ್ಲಿಗೇ ಕಡಿಯುತ್ತದೆ.

ಸೋಮವಾರ ಎಂಟನೇ ತರಗತಿಗೆ ಹೃದಯ.
ಕೋಣೆ ಇಷ್ಟು, ಕವಾಟ ಇಷ್ಟು ಎಂದು
ಇಂಗ್ಲಿಷಿನಲ್ಲಿ ಬಾಯಿತುಂಬ ಹೇಳಿದೆ.
ವಾಲ್ವ್ ಎಂದದ್ದು ಅದರ ಕಿವಿಗೆ ವುಲ್ಫ್.
ಪರದೆಯ ಮೇಲೆ ಮೂಡಿತು:
ಮನುಷ್ಯನ ಹೃದಯದಲ್ಲಿ ನಾಲ್ಕು ತೋಳಗಳಿವೆ.
ಅವು ರಕ್ತವನ್ನು ಹಿಂದಕ್ಕೆ ಬಿಡುವುದಿಲ್ಲ.

ತರಗತಿ ಬಿದ್ದು ಬಿದ್ದು ನಕ್ಕಿತು. ಯಾರೋ ಊಳಿಟ್ಟರು.
ನಾನೂ ನಕ್ಕೆ, ಕೆನ್ನೆ ಬಿಸಿಯಾಗಿತ್ತು.
ಏನು ಮಾಡಲಿ, ಗಂಗೊಳ್ಳಿಯ ನಾಲಿಗೆಗೆ ಇರುವುದು ಒಂದೇ ವ.
ಹಲ್ಲು ತುಟಿಗೆ ತಾಗುವ ವ ಬೇರೆ, ತುಟಿ ದುಂಡಾಗುವ ವ ಬೇರೆ ಎಂದು
ಹನ್ನೆರಡು ವರ್ಷದಿಂದ ಈ ದೇಶ ಹೇಳಿಕೊಡುತ್ತಲೇ ಇದೆ,
ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಲೇ ಇದ್ದೇನೆ.

ಕೂಪರ್ ಕೈಯೆತ್ತಿದ:
ಮಿಸ್, ನಮ್ಮ ಕೊಲ್ಲಿಯ ಕಟಲ್‌ಫಿಶ್‌ಗೆ ಮೂರು ಹೃದಯ, ಹಾಗಾದರೆ ತೋಳ ಎಷ್ಟು?
ನಮ್ಮೂರಲ್ಲಿ ಅದಕ್ಕೆ ಬೊಂಡಾಸ ಅನ್ನುತ್ತೇವೆ, ಅಂದೆ, ಲೆಕ್ಕ ತಪ್ಪಿಸಿಕೊಳ್ಳಲು.
ಯಂತ್ರ ಆ ಮಾತಿಗೆ
ಮೂರು ಚುಕ್ಕಿ ಇಟ್ಟು ಸುಮ್ಮನಾಯಿತು.

ಗುರುವಾರ ರಾತ್ರಿ ನೋಟ್‌ಬುಕ್ಕಿನ ರಾಶಿ.
ಟ್ಯಾಮ್ಸಿನ್ ಬಿಡಿಸಿದ ಹೃದಯದಲ್ಲಿ
ನಾಲ್ಕು ಬಾಗಿಲಿಗೆ ನಾಲ್ಕು ತೋಳ,
ಬಾಲ ಒಳಗೆ, ಮೂತಿ ಹೊರಗೆ, ಕಾವಲು.
ಹೆಸರೆಲ್ಲ ಸರಿ: ತ್ರಿದಳ, ದ್ವಿದಳ, ಎರಡು ಅರ್ಧಚಂದ್ರ.
ಬಾಣಗಳಲ್ಲಿ ಒಂದೂ ದಿಕ್ಕು ತಪ್ಪಿರಲಿಲ್ಲ.

ಲ್ಯಾಪ್‌ಟಾಪು ತೆರೆದೆ, ಫಾರ್ಮು ತುಂಬಿಬಿಡೋಣ ಎಂದು.
ಮೂರು ವಾರ ನಾನು ಆಡಿದ ಮಾತನ್ನೆಲ್ಲ
ಯಾರೋ ಕೂತು ತಿದ್ದಿದ್ದರು.
ಬದಲಾಯಿಸಿದವರು: ಟಿ. ಟ್ರೆಲೋರ್, ರಾತ್ರಿ ಒಂಬತ್ತು ನಲವತ್ತು.
ಮತ್ತೆ ಟಿ. ಟ್ರೆಲೋರ್. ಮತ್ತೆ.
ತೋಳ ಇದ್ದಲ್ಲಿ ಕವಾಟ, ವೈನ್ ಇದ್ದಲ್ಲಿ ರಕ್ತನಾಳ,
ಆ ಮೂರು ಚುಕ್ಕಿಯ ಪಕ್ಕದಲ್ಲಿ ಒಂದು ಟಿಪ್ಪಣಿ:
ಇದನ್ನು ಹೇಗೆ ಬರೆಯುವುದು, ಮಿಸ್?
ನಿಮ್ಮ ತುಟಿ ಒಮ್ಮೆ ಮುಚ್ಚಿ ದುಂಡಾಯಿತು. ಆಮೇಲಿನದು ಕಾಣಲಿಲ್ಲ.

ತಪ್ಪು ಸರಿಮಾಡುವುದಕ್ಕೂ ನಾವು ತಿದ್ದುವುದು ಅನ್ನುತ್ತೇವೆ,
ಯಾರೋ ಬರೆದುಕೊಟ್ಟ ಅಕ್ಷರದ ಮೇಲೆ
ಬಳಪ ಸವೆಯುವ ತನಕ ಕೈಯಾಡಿಸುವುದಕ್ಕೂ.
ಇದನ್ನು ಗ್ಲೆನಿಸಳಿಗೆ ವಿವರಿಸಲು ಬೆರಳಗಲ ಸಾಲದು.

ಮೂರನೆಯದು, ಎಂದು ಬರೆದೆ.
ಕಾರಣ: ಕಿವಿ ಮಂದ. ತಿದ್ದಲು ಬಿಡುತ್ತದೆ.

ಆಮೇಲೆ ಕೀಲಿಮಣೆಯ ಭಾಷೆ ಬದಲಿಸಿ
ಚುಕ್ಕಿಗಳನ್ನು ಅಳಿಸಿ, ಆ ಜಾಗಕ್ಕೆ ಬೊಂಡಾಸ ಎಂದು ಇಟ್ಟೆ, ದಪ್ಪ ಅಕ್ಷರದಲ್ಲಿ.
ನಾಳೆ ಮೊದಲ ಪಿರಿಯಡ್ಡು.
ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಿಂತು
ಅವಳಿಗೆ ಕಾಣುವ ಹಾಗೆ ಹೇಳಬೇಕು.