ಎಣ್ಣೆಗೋಲಿನ ಗೆರೆ

ತಪ್ಪು ನನ್ನದೇ.
ಮೈನಸ್ ಹತ್ತೊಂಬತ್ತರ ರಾತ್ರಿ ರೇಡಿಯೇಟರಿನಲ್ಲಿ
ಬರೀ ನಲ್ಲಿನೀರು. ಹಸಿರು ದ್ರಾವಣಕ್ಕೆಂದು ಇಟ್ಟ ದುಡ್ಡಿನಲ್ಲಿ
ಜೇನುಪೆಟ್ಟಿಗೆಗೆ ಬಣ್ಣ ತಂದಿದ್ದೆ.
ಬೆಳಿಗ್ಗೆ ಎಂಜಿನ್ನಿನ ಪಕ್ಕೆಯಲ್ಲಿ ಒಂದು ಕೂದಲೆಳೆ,
ಉಗುರಿಗೂ ಸಿಗದಷ್ಟು ಸಣ್ಣದು.
ಮಧ್ಯಾಹ್ನಕ್ಕೆ ಅದರಿಂದ ಹನಿ.

ಎಂಬತ್ತೇಳರ ಗೋಲ್ಫ್, ಡೀಸೆಲ್. ಸರಾಯೆವೊ ಪಕ್ಕದಲ್ಲೇ ಕಟ್ಟಿದ್ದು.
ಆ ಕಾರ್ಖಾನೆಯಲ್ಲಿ ಆಗ ನನ್ನ ಸೋದರತ್ತೆ ಮೆವ್ಲಿದಾ
ಬಾಗಿಲುಗಳ ರಬ್ಬರು ಕೂರಿಸುತ್ತಿದ್ದಳು.
ಎಡಬಾಗಿಲು ಟಪ್ಪೆಂದು ಮುಚ್ಚಿಕೊಂಡಾಗಲೆಲ್ಲ
‘ಇದು ನನ್ನ ಕೈದು’ ಅನ್ನುತ್ತಾಳೆ.
ಬಲಬಾಗಿಲ ಮಾತೆತ್ತುವುದಿಲ್ಲ.

ನುಸ್ರೆತ್ ಬಾನೆಟ್ಟಿನೊಳಗೆ ತಲೆ ತೂರಿಸಿ, ಹೊರಗೆಳೆದು,
ಸಿಗರೇಟು ಹಚ್ಚಿ ಹೇಳಿದ: ‘ಬೇರೆ ತಾ.’
ಅಂಗಡಿಗೆ ಹೋಗಿ ಬ್ರೆಡ್ಡು ತಾ ಎಂದ ಹಾಗೆ.
ಆಮೇಲೆ ಕನಿಕರ ಬಂದು ಬೆಂಕಿಪೊಟ್ಟಣದ ಮೇಲೆ
ಎರಡಕ್ಷರ ಗೀಚಿಕೊಟ್ಟ: ಜೆ, ಪಿ.
‘ಮೈಮೇಲೆ ಕೊರೆದಿರುತ್ತೆ, ಜಿಡ್ಡಿನ ಅಡಿಯಲ್ಲಿ.
ಮಾರುವವನ ಬಾಯಿ ನಂಬಬೇಡ. ಕಬ್ಬಿಣ ಓದು.’

ಓದಿದೆ.
ವಿತೆಜ್‌ನಲ್ಲಿ ಸೀಮೆಎಣ್ಣೆ ಸುರಿದು ತಂತಿಬ್ರಷ್ಷಿನಿಂದ ಉಜ್ಜಿದರೆ
ಪೆಟ್ರೋಲಿನದು.
ಝೆನಿತ್ಸಾದಲ್ಲಿ ಅಕ್ಷರ ಸರಿ; ತುಕ್ಕು ಕಚ್ಚಿ ತಿರುಗದು.
ಇನ್ನೊಂದು ಕಡೆ ಅಕ್ಷರವನ್ನೇ ಅರೆದು ಅಳಿಸಿದ್ದರು,
ಕೇಳಿದರೆ, ‘ಓಡಿದರೆ ಸಾಲದೇ, ಹೆಸರು ಬೇರೆ ಬೇಕೇ?’
ಅಷ್ಟರಲ್ಲಿ ಏಪ್ರಿಲ್. ಬಗ್ರೆಮ್ ಮರಗಳು ಮೊಗ್ಗು ಕಟ್ಟಿದ್ದವು.
ಆ ಬಿಳಿ ಗೊಂಚಲು ಹತ್ತು ದಿನ, ಹೆಚ್ಚೆಂದರೆ ಹನ್ನೆರಡು;
ಹದಿನಾರು ಪೆಟ್ಟಿಗೆ ಗುಡ್ಡ ಹತ್ತಬೇಕು.
ಹುಳಗಳಿಗೆ ಎಂಜಿನ್ನಿನ ನೆಪ ಹೇಳುವಂತಿಲ್ಲ.

ದೊಬೊಯ್ ದಾಟಿದ ಮೇಲೆ, ಲ್ಯುಬಿತ್ಸಾ ಎಂಬಾಕೆಯ ಕೊಟ್ಟಿಗೆಯಲ್ಲಿ
ಸಿಕ್ಕಿತು. ವ್ಯಾನಿನದು. ಸಿ, ಎಸ್.
ಫೋನಿನಲ್ಲಿ ನುಸ್ರೆತ್ ಗೊಣಗಿದ:
‘ಒಂದೇ ತಾಯ ಮಕ್ಕಳೇ. ಆದರೆ ವ್ಯಾನಿನೊಳಗೆ ಅದು
ಜನ್ಮವಿಡೀ ಮಗ್ಗುಲಾಗಿ ಮಲಗಿರುತ್ತೆ.
ಎಣ್ಣೆತಟ್ಟೆ ಬೇರೆ, ಹೀರುವ ಕೊಳವೆ ಬೇರೆ, ಕೋಲಿನ ತೂತು ಬೇರೆ.
ಎಬ್ಬಿಸಿ ನಿಲ್ಲಿಸಬೇಕು. ನಿಂತರೆ ನಿಂತಿತು.’

ಆಕೆ ಕಾಫಿ ಕಾಯಿಸಿದರು. ಬೆಲೆಯ ಮಾತಿಲ್ಲ;
ಎಂಥ ರಸ್ತೆಯಲ್ಲಿ ಓಡಿಸುತ್ತೀರಿ, ಅದನ್ನೇ ಮೂರು ಸಲ ಕೇಳಿದರು.
ಏರು, ಎಂದೆ. ಜೇನುಪೆಟ್ಟಿಗೆ.
‘ನಮ್ಮವರು ಹಾಲು ಸಾಗಿಸಿದರು, ಇಪ್ಪತ್ತು ವರ್ಷ.
ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ.
ಬೊಬ್ಬೆ ಹೊಡೆಯುತ್ತೆ, ಹೆದರಬೇಡಿ. ಅವರೂ ಹಾಗೇ ಇದ್ದರು.’
ನಾನೂರು ಮಾರ್ಕು. ಐವತ್ತು ಮರಳಿಸಿದರು,
ಜೇನಿಗೆ ಮುಂಗಡ ಎಂದು.

ನೋಡಲು ಬಂದ ಪಕ್ಕದ ಮನೆಯವ ‘ಹೃದಯ ಕಸಿ’ ಎಂದ.
ಹೃದಯವಂತೆ!
ಸರಪಳಿಯಲ್ಲಿ ತೂಗುವ ನೂರಮೂವತ್ತು ಕಿಲೋ ಕಬ್ಬಿಣ.
ಹಾಲಿನ ವಾಸನೆ ಬಂತೇ ಎಂದು ಮೂಸಿದೆ, ಸುಳ್ಳೇಕೆ.
ಬರೀ ಗ್ರೀಸು.

ಸತ್ತದ್ದರ ತಟ್ಟೆ ಬಿಚ್ಚಿ ಇದಕ್ಕೆ ಕಟ್ಟಿದೆವು,
ಹಳೆಯ ತೂತಿಗೆ ಬೋಲ್ಟು ಜಡಿದು, ಹೊಸದು ಕೊರೆದೆವು.
ಎಣ್ಣೆ ಅಳೆದು ಸುರಿದು, ಕೋಲು ಇಳಿಸಿ ಎತ್ತಿ,
ನುಸ್ರೆತ್ ಗರಗಸದ ಅಲಗಿನಿಂದ ಅದರ ಮೇಲೊಂದು ಗೆರೆ ಎಳೆದ.
‘ಕಂಪನಿಯ ಗುರುತು ಮರೆ. ಇದು ನನ್ನದು.’

ನೋಂದಣಿ ಕಚೇರಿಯ ಗುಮಾಸ್ತೆ ಕನ್ನಡಕ ಏರಿಸಿದಳು:
‘ಎಂಜಿನ್ ನಂಬರು ಬೇರೆ. ಕಾರು ಅದೇ ಏನು?’
ಎಡಬಾಗಿಲು ಅದೇ, ಎಂದೆ.
ನಗಲಿಲ್ಲ. ಮೊಹರು ಒತ್ತಿದಳು.

ರಾತ್ರಿ, ನಾಲ್ಕು ಸರತಿಯಲ್ಲಿ ಹದಿನಾರು ಪೆಟ್ಟಿಗೆ.
ಏರಿನಲ್ಲಿ ಎರಡನೇ ಗೇರು; ಬೊಬ್ಬೆ ಹೊಡೆಯಿತು,
ಹಿಂದಿನಿಂದ ಹುಳಗಳೂ.
ಮೇಲೆ ನಿಲ್ಲಿಸಿ, ಹಲ್ಲಿನಲ್ಲಿ ಟಾರ್ಚು ಕಚ್ಚಿ ಕೋಲೆಳೆದೆ,
ಅಂಗಿಯ ತುದಿಗೆ ಒರೆಸಿ, ಇಳಿಸಿ, ಮತ್ತೆ ಎಳೆದೆ:
ಗೆರೆಗಿಂತ ಒಂದು ಕೂದಲೆಳೆ ಕೆಳಗೆ.
ಈ ಸಲ ಡಬ್ಬಿ ತಂದಿದ್ದೆ.